ಮಳೆ ಬಂದರೆ ಏನು ಮಾಡುತ್ತೀ?

ವಿಶ್ವವಿದ್ಯಾಲಯದ ಯಾವ ವಿಭಾಗಕ್ಕೆ ಹೋದರೂ ನೋಟಿಸ್ ಬೋರ್ಡಿನ ಒಂದು ಮೂಲೆ ಸಾಧನೆಗಳಿಗೆ ಮೀಸಲು. ಯಾರಿಗೆ ಪಿಎಚ್.ಡಿ ಬಂತು, ಯಾರು ನೆಟ್ ಪಾಸಾದರು, ಯಾವ ಪ್ರಾಧ್ಯಾಪಕರ ಪ್ರಬಂಧ ಎಲ್ಲಿ ಅಚ್ಚಾಯಿತು, ಯಾವ ಸಂಸ್ಥೆಯ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ಶಾಲು, ಹೂಗುಚ್ಛ, ಸಾಲಾಗಿ ನಿಂತವರ ಫೋಟೊ. ಕಷ್ಟಪಟ್ಟು ಓದಿದವರು ಒಂದಿಷ್ಟು ಸಂಭ್ರಮಪಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಮನೋವಿಜ್ಞಾನ ವಿಭಾಗದ ಸಾಧನೆ ಯಾವುದು ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸಲೀಸಲ್ಲ. ಎಂಜಿನಿಯರು ಕಟ್ಟಿದ ಸೇತುವೆಯನ್ನು ದಾರಿಹೋಕರೂ ನೋಡುತ್ತಾರೆ. ಆಪ್ತಸಲಹೆಗೆಂದು ಬಂದು, ನಾಲ್ಕು ವಾರ ಅತ್ತು, ಐದನೆಯ ವಾರ ಹಗುರಾಗಿ ಮನೆಗೆ ಹೋದ ಹುಡುಗಿಯ ಹೆಸರನ್ನು ಬೋರ್ಡಿಗೆ ಹಾಕುವಂತಿಲ್ಲ. ಹಾಕಿದರೆ ಅವಳಿಗೆ ದ್ರೋಹ.

ಮುಂಬಯಿಯನ್ನೇ ತೆಗೆದುಕೊಳ್ಳಿ. ಇಲ್ಲಿಯ ವಿಶ್ವವಿದ್ಯಾಲಯ ಶುರುವಾದದ್ದು 1857ರಲ್ಲಿ. ಅದರ ಅನ್ವಯಿಕ ಮನೋವಿಜ್ಞಾನ ವಿಭಾಗ ಬಂದದ್ದು ನೂರು ವರ್ಷ ದಾಟಿದ ಮೇಲೆ, 1959ರಲ್ಲಿ. ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿರುವ ವಿದ್ಯಾನಗರಿ ಆವರಣದಲ್ಲಿ ಈ ವಿಭಾಗವೂ ಇದೆ, ಕನ್ನಡ ವಿಭಾಗವೂ ಇದೆ. 2021ರಲ್ಲಿ ನ್ಯಾಕ್ ಇಡೀ ವಿಶ್ವವಿದ್ಯಾಲಯವನ್ನು ಅಳೆದು ನಾಲ್ಕಕ್ಕೆ 3.65 ಅಂಕ, ಎ ಪ್ಲಸ್ ಪ್ಲಸ್ ದರ್ಜೆ ಕೊಟ್ಟಿತು. ನನಗೆ ತಮಾಷೆ ಎನಿಸುವುದು ಇಷ್ಟೆ: ಮನುಷ್ಯನ ಒಳಗನ್ನು ಅಂಕಿಗೆ ಇಳಿಸುವ ಚಾಳಿಯನ್ನು ಲೋಕಕ್ಕೆ ಹಿಡಿಸಿದವರಲ್ಲಿ ಮನೋವಿಜ್ಞಾನಿಗಳೇ ಮುಂದು. ಈಗ ಅವರೂ ತಮ್ಮ ಅಂಕಿಗಾಗಿ ಸರತಿಯಲ್ಲಿ ನಿಂತಿದ್ದಾರೆ.

ಅಂಕಿಯ ಮಾತು ಬಂದಾಗ ಕನ್ನಡಿಗರು ನೆನೆಯಬೇಕಾದ ಒಬ್ಬರು ವಿ.ವಿ. ಕಾಮತ್. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯದೊಳಗೇ ಇದ್ದ ಕಾಲ ಅದು. ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೊರ್ ಸಿಮೋನ್ 1905ರಲ್ಲಿ ರೂಪಿಸಿದ್ದ, ಅಮೆರಿಕದಲ್ಲಿ ಲೂಯಿಸ್ ಟರ್ಮನ್ 1916ರಲ್ಲಿ ತಿದ್ದಿ ಬೆಳೆಸಿದ್ದ ಬುದ್ಧಿಮತ್ತೆ ಪರೀಕ್ಷೆಯನ್ನು ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. 1934ರಲ್ಲಿ ಅದರ ಬಗ್ಗೆ ಬ್ರಿಟನ್ನಿನ ಪತ್ರಿಕೆಯಲ್ಲಿ ಲೇಖನ ಬಂತು. 1940ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪುಸ್ತಕವನ್ನೇ ತಂದಿತು. ಬಾಂಬೆ-ಕರ್ನಾಟಕ ಪರಿಷ್ಕರಣೆ ಎಂದು ಅದಕ್ಕೆ ಹೆಸರು. ಕ್ಲಿನಿಕ್ಕುಗಳಲ್ಲಿ ಇವತ್ತಿಗೂ ಅದು ‘ಬಿನೆ-ಕಾಮತ್’, ಅವಸರದಲ್ಲಿದ್ದರೆ ‘ಬಿ.ಕೆ.ಟಿ.’ ಎರಡು ಭಾಷೆಯ ಮಕ್ಕಳನ್ನು ಒಂದೇ ಅಳತೆಗೋಲಿನ ಮುಂದೆ ಕೂರಿಸುವ ಯೋಚನೆ ಆ ಕಾಲಕ್ಕೆ ಎಷ್ಟು ಸಹಜವಾಗಿತ್ತೋ, ಗಡಿಯ ಜಗಳ ಕೇಳಿ ಕೇಳಿ ಬೆಳೆದ ನಮಗೆ ಅಷ್ಟೇ ಅಚ್ಚರಿ.

ಇಂಥ ಪರೀಕ್ಷೆ ನಡೆಯುವ ಕೋಣೆಯಲ್ಲಿ ನೋಡುವುದಕ್ಕೆ ದೊಡ್ಡದೇನೂ ಇರುವುದಿಲ್ಲ. ಒಂದು ಮೇಜು, ಎರಡು ಕುರ್ಚಿ, ಚಿತ್ರದ ಕಾರ್ಡುಗಳು. ಮೂರು ವರ್ಷದ ಮಗುವಿಗೆ ಮೂಗು ತೋರಿಸು, ಕಣ್ಣು ತೋರಿಸು ಎನ್ನುತ್ತಾರೆ. ಸ್ವಲ್ಪ ದೊಡ್ಡವರಿಗೆ ಅಂಕಿಗಳನ್ನು ಹೇಳಿಕೊಟ್ಟು ಹಾಗೇ ತಿರುಗಿ ಹೇಳಿಸುತ್ತಾರೆ, ಎರಡು ತೂಕದಲ್ಲಿ ಯಾವುದು ಭಾರ ಎಂದು ಕೇಳುತ್ತಾರೆ. ಮಗು ಯಾವ ವಯಸ್ಸಿನವರ ಮೆಟ್ಟಿಲಿನವರೆಗೆ ಹತ್ತಿತೋ ಅದು ಅದರ ಮಾನಸಿಕ ವಯಸ್ಸು. ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬುದ್ಧ್ಯಂಕ. ಎಂಟು ವರ್ಷದವನು ಆರರ ಮೆಟ್ಟಿಲಿಗೆ ನಿಂತರೆ 75. ಹೊರಗೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಫೈಲು ಹಿಡಿದು ಕೂತ ತಾಯಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಕೊನೆಯಲ್ಲಿ ಬರುವ ಸರ್ಟಿಫಿಕೇಟಿನ ಮೇಲೆ ಮಗನ ಶಾಲೆ, ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಸಮಯ, ಸರಕಾರದ ಸವಲತ್ತು ನಿಂತಿವೆ ಎಂಬುದು ಮಾತ್ರ ಗೊತ್ತು.

ಟರ್ಮನ್ ಆರು ವರ್ಷದವರಿಗೆಂದು ಇಟ್ಟಿದ್ದ ಒಂದು ಪ್ರಶ್ನೆ ಇದು: ಶಾಲೆಗೆ ಹೊರಡುವಾಗ ಮಳೆ ಬರುತ್ತಿದ್ದರೆ ಏನು ಮಾಡಬೇಕು? ಕೊಡೆ ಹಿಡಿಯುತ್ತೇನೆ, ಮಳೆಕೋಟು ಹಾಕುತ್ತೇನೆ ಎಂದರೆ ಸರಿ. ಮನೆಯಲ್ಲೇ ಇರುತ್ತೇನೆ ಎಂದರೆ ತಪ್ಪು. ತಪ್ಪು ಉತ್ತರಗಳಲ್ಲಿ ಇದೇ ಹೆಚ್ಚು ಬರುತ್ತದೆ, ಪರೀಕ್ಷಕರು ಇದನ್ನು ಸರಿ ಎಂದುಕೊಂಡು ಮೋಸಹೋಗಬಾರದು ಎಂದು ಆತ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಶಾಲೆಗೆ ಹೋಗುವುದಂತೂ ಖಚಿತ, ಹೇಗೆ ಹೋಗುತ್ತೀ ಎಂಬುದೇ ಪ್ರಶ್ನೆ. ಮಗು ಅದನ್ನು ಹಿಡಿಯಲಿಲ್ಲ ಎಂಬುದು ಅವನ ವಾದ.

ಟರ್ಮನ್‌ನಂತೆ ಕ್ಯಾಲಿಫೋರ್ನಿಯಾದಲ್ಲಿ ಕೂತು ಯೋಚಿಸಿದರೆ ಸರಿಯೇ. ಮುಂಬಯಿಯ ಮಳೆ ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಮಳೆಮಾಪನ ಕೇಂದ್ರದಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ನದಿ ಉಕ್ಕಿ ಕಲೀನಾ, ಕುರ್ಲಾ ಎಲ್ಲ ನೀರಿನಲ್ಲಿ ನಿಂತವು. ಶಾಲೆಗೆ ಹೋದ ಎಷ್ಟೋ ಮಕ್ಕಳು ರಾತ್ರಿಯೆಲ್ಲ ತರಗತಿಯಲ್ಲೇ ಕಳೆದರು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್. ಒಂದೇ ನಗರದ ಎರಡು ತುದಿಯಲ್ಲಿ ಒಂದೇ ಪ್ರಶ್ನೆಗೆ ಎರಡು ಜಾಣ ಉತ್ತರ. ಆ ಮಳೆಯನ್ನು ಕಂಡ ಮನೆಯ ಮಗು ‘ನಾನು ಹೋಗುವುದಿಲ್ಲ’ ಎಂದರೆ ಅದಕ್ಕೆ ಸೊನ್ನೆ ಹಾಕುವ ಕೈ ಯಾವುದನ್ನು ಅಳೆಯುತ್ತಿದೆ?

ಬಿನೆಗೆ ಈ ಅನುಮಾನ ಮೊದಲಿನಿಂದಲೂ ಇತ್ತು. ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಬೇರೆ ರೀತಿಯಲ್ಲಿ ಕಲಿಸಬೇಕು ಎಂಬುದಕ್ಕೆ ಆತ ಪರೀಕ್ಷೆ ಮಾಡಿದ. ಬುದ್ಧಿ ಎಂದರೆ ಹುಟ್ಟಿನಿಂದ ನಿಗದಿಯಾದ ಸರಕು, ಏರುವುದಿಲ್ಲ ಎನ್ನುವವರನ್ನು 1909ರ ಪುಸ್ತಕದಲ್ಲಿ ಖಂಡಿಸಿದ. ಗಮನವನ್ನು ಬೆಳೆಸಲು ಮಕ್ಕಳಿಗೆ ಆತ ಆಡಿಸುತ್ತಿದ್ದ ಆಟಗಳಲ್ಲಿ ಒಂದು, ಹೇಳಿದ ತಕ್ಷಣ ವಿಗ್ರಹದಂತೆ ಅಲುಗಾಡದೆ ನಿಲ್ಲುವುದು. ನಮ್ಮ ಚಾಳಿನ ಮಕ್ಕಳು ಪುಕ್ಕಟೆ ಆಡುವ ‘ಸ್ಟ್ಯಾಚ್ಯೂ’! 1911ರಲ್ಲಿ ಬಿನೆ ತೀರಿಕೊಂಡ. ಆಟ ಹಿಂದುಳಿಯಿತು, ಅಂಕಿ ಹಡಗು ಹತ್ತಿತು.

ಅಂಕಿಗೆ ಇನ್ನೊಂದು ತೊಡಕಿದೆ. ಸಂಶೋಧಕ ಜೇಮ್ಸ್ ಫ್ಲಿನ್ 1984 ಮತ್ತು 1987ರಲ್ಲಿ ತೋರಿಸಿದ ಹಾಗೆ, ಹಲವು ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಅಂಕ ಏರುತ್ತಾ ಬಂದಿದೆ. ಅಮೆರಿಕದಲ್ಲಿ ದಶಕಕ್ಕೆ ಸುಮಾರು ಮೂರು. ಹಾಗಿದ್ದರೆ ತೊಂಬತ್ತು ವರ್ಷದ ಹಿಂದಿನ ಮಕ್ಕಳ ಸರಾಸರಿಯ ಪಕ್ಕದಲ್ಲಿ ಇವತ್ತಿನ ಮಗುವನ್ನು ನಿಲ್ಲಿಸಿದರೆ ಅದು ಇರುವುದಕ್ಕಿಂತ ಜಾಣವಾಗಿ ಕಾಣುವ ಸಂಭವ ಹೆಚ್ಚು. ಮನೆಯವರಿಗೆ ಸಂತೋಷದ ಸುದ್ದಿಯೇ? ನೆರವು ಬೇಕಾದ ಮಗುವಿಗೆ ನಾಲ್ಕು ಅಂಕ ಹೆಚ್ಚಾದದ್ದರಿಂದಲೇ ನೆರವು ತಪ್ಪಬಹುದು. ಹಳೆಯ ಅಳತೆಗೋಲು ಎಂದು ಕಾಮತರನ್ನು ದೂರುವುದು ಅನ್ಯಾಯ. ಅವರು ತಮ್ಮ ಕಾಲದ ಕೆಲಸ ಮಾಡಿ ಇಟ್ಟರು. ಅದನ್ನು ಇಷ್ಟು ವರ್ಷ ದುಡಿಸಿಕೊಂಡವರ ಸೋಮಾರಿತನ ನನಗೆ ದೊಡ್ಡದಾಗಿ ಕಾಣುತ್ತದೆ.

ಅಳೆಯಲು ಯಾರೂ ಕೂರಿಸದ ಮಕ್ಕಳೂ ಈ ಊರಿನಲ್ಲಿ ಬಾಳಿದರು. ತುಳುನಾಡಿನಿಂದ ಬಸ್ಸು ಹತ್ತಿ ಬಂದು, ಹಗಲು ಉಡುಪಿ ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಮೆಟ್ರಿಕ್ ಮುಗಿಸಿದ ಹುಡುಗರು. ನಾಲ್ಕು ಮೇಜಿನ ಆರ್ಡರನ್ನು ಬರೆಯದೆ ತಲೆಯಲ್ಲಿಟ್ಟು ಒಳಗೆ ಕೂಗುವವನಿಗೆ ಅಂಕಿ ತಿರುಗಿ ಹೇಳುವ ಪರೀಕ್ಷೆ ಮಕ್ಕಳಾಟ. ಅದೇ ಹುಡುಗ ಅಪರಿಚಿತರ ಕೋಣೆಯಲ್ಲಿ ಅಪರಿಚಿತ ಮಾತಿನಲ್ಲಿ ಬಾಯಿ ಬಿಡದೆ ಕೂತಿದ್ದರೆ ಯಾವ ಮೆಟ್ಟಿಲಿಗೆ ನಿಲ್ಲುತ್ತಿದ್ದ? ಅವನ ಮೊಮ್ಮಗಳು ಈಗ ಮುಲುಂಡಿನಲ್ಲೋ ಮೀರಾ ರೋಡಿನಲ್ಲೋ ಇದ್ದಾಳೆ. ಅಜ್ಜಿಯೊಡನೆ ತುಳು, ಅಮ್ಮನೊಡನೆ ಕನ್ನಡ, ಲಿಫ್ಟಿನಲ್ಲಿ ಹಿಂದಿ, ಗೆಳತಿಯರ ಜೊತೆ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್. ಅವಳನ್ನು ಯಾವ ಭಾಷೆಯಲ್ಲಿ ಕೇಳುವುದು? ಕೇಳುವ ಭಾಷೆ ಬದಲಾದರೆ ಉತ್ತರ ಬದಲಾಗುತ್ತದೆ, ಅಂಕಿಯೂ ಬದಲಾಗುತ್ತದೆ. ಹುಡುಗಿ ಮಾತ್ರ ಅವಳೇ.

ಹೊಸ ಪರೀಕ್ಷೆಯೊಂದನ್ನು ಹೊಂದಿಸುವುದು ಬೇಸರದ ಕೆಲಸ. ನೂರಾರು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಬೇಕು, ಪ್ರತಿ ಪ್ರಶ್ನೆಯನ್ನೂ ಸೋಸಬೇಕು, ಬಾಯಿಬಿಡದ ಮಗುವಿನ ಎದುರು ಅರ್ಧ ದಿನ ಕಾಯಬೇಕು. ಪ್ರಬಂಧಗಳ ಲೆಕ್ಕ ತೋರಿಸಬೇಕಾದ ಮೇಷ್ಟರಿಗೆ ಇದು ಹಿಡಿಸುವ ಬಾಬತ್ತಲ್ಲ. ಆದರೆ ಕಾಮತರು ಜೋಡಿಸಿದ ಆ ಎರಡು ಭಾಷೆಗಳನ್ನು ಮತ್ತೆ ಒಟ್ಟಿಗೆ ಕೈಗೆತ್ತಿಕೊಳ್ಳಲು ಮುಂಬಯಿಗಿಂತ ಅನುಕೂಲದ ಜಾಗ ಎಲ್ಲಿದೆ? ಕಲೀನಾದ ಒಂದೇ ಗೇಟಿನೊಳಗೆ ಮನೋವಿಜ್ಞಾನವೂ ಇದೆ, ಕನ್ನಡವೂ ಇದೆ, ಮರಾಠಿಯೂ ಇದೆ. ಮಕ್ಕಳಂತೂ ಗೇಟಿನ ಹೊರಗೆ ಬೇಕಾದಷ್ಟು ಜನ ಸಿಗುತ್ತಾರೆ. ಮಳೆಯ ಪ್ರಶ್ನೆಯನ್ನು ಮೊದಲು ಅವರಿಂದಲೇ ತಿದ್ದಿಸಿಕೊಳ್ಳಬಹುದು.