ಎರಡು ತೋಳು, ಒಂದು ಶಿಲುಬೆ

ಅರಸು ಮನೆತನಗಳ ಲಾಂಛನದಲ್ಲಿ ಸಿಂಹವಿರುತ್ತದೆ, ಹದ್ದಿರುತ್ತದೆ, ಕತ್ತಿಯಿರುತ್ತದೆ. ಅಸಿಸಿಯ ಸಂತ ಫ್ರಾನ್ಸಿಸರ ಸಭೆಯ ಲಾಂಛನದಲ್ಲಿ ಇರುವುದು ಗಾಯಗೊಂಡ ಎರಡು ಕೈ.

*

ಶಿಲುಬೆಯ ಮುಂದೆ ಒಂದನ್ನೊಂದು ಹಾಯ್ದ ತೋಳುಗಳು. ಬರಿದಾದದ್ದು ಕ್ರಿಸ್ತನದು, ಒರಟು ನಿಲುವಂಗಿ ತೊಟ್ಟದ್ದು ಫ್ರಾನ್ಸಿಸರದು. ಅಂಗೈಯ ಮೊಳೆಗಾಯ ಮಾತ್ರ ಎರಡರಲ್ಲೂ ಒಂದೇ.

*

ಆ ತುಂಡು ಬಟ್ಟೆ ನನ್ನನ್ನು ಬಹಳ ಕಾಡಿದೆ. ಫ್ರಾನ್ಸಿಸರ ತಂದೆ ಬಟ್ಟೆ ವ್ಯಾಪಾರಿ. ಮಗ ಅಸಿಸಿಯ ಬಿಷಪರ ಎದುರೇ ತೊಟ್ಟದ್ದನ್ನೆಲ್ಲ ಕಳಚಿ ತಂದೆಗೆ ಒಪ್ಪಿಸಿದರು. ಸಾವು ಹತ್ತಿರವಾದಾಗಲೂ ಬರಿಮೈಯಲ್ಲಿ ನೆಲದ ಮೇಲೆ ಮಲಗಿಸಿ ಎಂದು ಬೇಡಿದರು. ಅಂಥವರಿಗೆ ಲಾಂಛನ ಬಟ್ಟೆ ತೊಡಿಸಿದೆ. ಅದು ಸರಿಯೇ. ಶಿಷ್ಯ ಎಷ್ಟು ಸಮೀಪ ಹೋದರೂ ಸ್ವಾಮಿಯಾಗುವುದಿಲ್ಲ. ಆ ಅಂತರವನ್ನು ಕಾಯುವುದು ಒಂದು ತೋಳಿನ ಬಟ್ಟೆ.

*

1224ರ ಸೆಪ್ಟೆಂಬರಿನಲ್ಲಿ, ತಸ್ಕನಿಯ ಲಾ ವೆರ್ನಾ ಬೆಟ್ಟದ ಮೇಲೆ, ಫ್ರಾನ್ಸಿಸರ ಮೈಮೇಲೆ ಕ್ರಿಸ್ತನ ಪಂಚಗಾಯಗಳು ಮೂಡಿದವು. ಮುಂದೆ ಬದುಕಿದ ಎರಡು ವರ್ಷವೂ ಅವನ್ನು ಮುಚ್ಚಿಡಲು ಹೆಣಗಿದರು. ಅವರು ಮರೆಮಾಡಿದ್ದನ್ನು ಅವರ ಸಭೆಯ ಮಕ್ಕಳು ಬಾಗಿಲ ಮೇಲೆ ಕೆತ್ತಿದರು. ಪ್ರೀತಿಗೆ ಗುಟ್ಟು ಕಾಯಲು ಬರುವುದಿಲ್ಲ; ಆದರೂ ಕೆತ್ತುವ ಕೈ ಸ್ವಲ್ಪ ಅಳುಕಬೇಕು.

*

ತೋಳುಗಳ ಚಿತ್ರ ಅವರು ತೀರಿಕೊಂಡ ಬಹುಕಾಲದ ನಂತರದ್ದು. ಅವರೇ ಬರೆಯುತ್ತಿದ್ದ ಗುರುತು ‘ತಾವ್’ ಅಕ್ಷರ, ಮೇಲ್ತುದಿಯಿಲ್ಲದ ಶಿಲುಬೆ. ಪತ್ರಗಳ ಕೊನೆಗೂ ಅದೇ, ಕೋಣೆಯ ಗೋಡೆಗೂ ಅದೇ.

*

ಊರಿನ ಅನ್ಯಾಯ ಕಂಡು ನರಳುವವರ ಹಣೆಗೆ ತಾವ್ ಗುರುತಿಡು ಎಂಬ ಅಪ್ಪಣೆ ಯೆಜೆಕಿಯೇಲ ಪ್ರವಾದಿಯ ಗ್ರಂಥದಲ್ಲಿದೆ. 1215ರ ಲ್ಯಾಟರನ್ ಮಹಾಸಭೆಯನ್ನು ಆರಂಭಿಸುತ್ತ ಪೋಪ್ 3ನೇ ಇನ್ನೊಸೆಂಟ್ ಅದನ್ನೇ ನೆನೆದರು. ಗೆದ್ದವರ ಹಣೆಗಲ್ಲ, ನರಳಿದವರ ಹಣೆಗೆ. ಮರುಭೂಮಿಯ ತಪಸ್ವಿ ಸಂತ ಅಂತೋಣಿಯವರ ಹೆಸರಿನ ಆಸ್ಪತ್ರೆ ಸೋದರರೂ ಇದೇ ಗುರುತನ್ನು ನಿಲುವಂಗಿಯ ಮೇಲೆ ಧರಿಸಿ ರೋಗಿಗಳ ಆರೈಕೆ ಮಾಡುತ್ತಿದ್ದರು.

*

ಲಾ ವೆರ್ನಾದಲ್ಲಿ ಜೊತೆಗಿದ್ದ ಸೋದರ ಲಿಯೋ ಮನಸ್ಸಿನ ತಳಮಳದಲ್ಲಿದ್ದರು. ಫ್ರಾನ್ಸಿಸರು ತೊಗಲಿನ ಹಾಳೆ, ಮಸಿ ತರಿಸಿಕೊಂಡರು. ಒಂದು ಮಗ್ಗುಲಲ್ಲಿ ದೇವರ ಸ್ತುತಿ ಬರೆದರು. ಇನ್ನೊಂದರಲ್ಲಿ ಲಿಯೋಗೆ ಆಶೀರ್ವಾದ ಬರೆದು, ದೊಡ್ಡದೊಂದು ತಾವ್ ಎಳೆದರು. ಇದು ಅವರದೇ ಕೈಬರಹವೆಂದು ಲಿಯೋ ಆಮೇಲೆ ಕೆಂಪು ಮಸಿಯಲ್ಲಿ ಟಿಪ್ಪಣಿ ಸೇರಿಸಿದರು. ಮಡಿಸಿ, ಜೀವಮಾನವಿಡೀ ಮೈಮೇಲೇ ಇಟ್ಟುಕೊಂಡರು. ಮಡಿಕೆಯ ಗೆರೆಗಳು ಹೋಗಿಲ್ಲ; ಹಾಳೆ ಇಂದೂ ಅಸಿಸಿಯ ಬಸಿಲಿಕದಲ್ಲಿದೆ.

ಇಡೀ ಸಭೆಗೆ ಗುರುತಾದ ಅಕ್ಷರವನ್ನು ಅವರು ಹೀಗೆ ಒಬ್ಬ ಗೆಳೆಯನ ಸಮಾಧಾನಕ್ಕೂ ಬರೆದರು. ಯಾವ ಸಮಿತಿಯೂ ಕೂತು ಇಂಥದನ್ನು ರೂಪಿಸಲಾರದು.

*

ಫ್ರಾನ್ಸಿಸ್ಕನ್ ಮರದ ಒಂದು ಕೊಂಬೆ, 1528ರಲ್ಲಿ ಮನ್ನಣೆ ಪಡೆದ ಕಪುಚಿನ್ ಸಭೆ. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿ, ಮಾಂಟೆ ಮರಿಯಾನೊ ಮಠದಲ್ಲಿ ಆ ಸಭೆಯವರಿದ್ದಾರೆ. ಲಾಂಛನ ನೋಡಲು ನಾವು ಅಸಿಸಿಯವರೆಗೆ ಹೋಗಬೇಕಿಲ್ಲ.

*

2013ರಲ್ಲಿ ಪೋಪ್ ಆದವರು ಫ್ರಾನ್ಸಿಸ್ ಎಂಬ ಹೆಸರು ತೊಟ್ಟರು; ಲಾಂಛನದಲ್ಲಿ ತಮ್ಮ ಯೇಸುಸಭೆಯ ಸೂರ್ಯನನ್ನೇ ಉಳಿಸಿಕೊಂಡರು. ಹೆಸರೂ ಒಂದು ಲಾಂಛನವೇ.

*

ಫ್ರಾನ್ಸಿಸರು 1226ರಲ್ಲಿ ಹೇಳಿ ಬರೆಸಿದ ಅಂತಿಮ ಒಡಂಬಡಿಕೆ ಪಂಚಗಾಯಗಳ ಮಾತನ್ನೇ ಎತ್ತುವುದಿಲ್ಲ. ಅದು ತೊಡಗುವುದು ಕುಷ್ಠರೋಗಿಗಳಿಂದ: ಮೊದಲು ಅವರನ್ನು ನೋಡಲೂ ಆಗುತ್ತಿರಲಿಲ್ಲ, ದೇವರೇ ಅವರ ನಡುವೆ ಕರೆದೊಯ್ದ ಎಂದು. ಲಾ ವೆರ್ನಾಕ್ಕೆ ಎಷ್ಟೋ ವರ್ಷ ಮೊದಲೇ ಆ ಕೈಗಳು ಇನ್ನೊಬ್ಬರ ಗಾಯವನ್ನು ಮುಟ್ಟಿದ್ದವು. ಲಾಂಛನವನ್ನು ಮಕ್ಕಳಿಗೆ ವಿವರಿಸುವ ಗುರುಗಳು ಬೆಟ್ಟದಿಂದಲ್ಲ, ಇಲ್ಲಿಂದ ಕಥೆ ಶುರು ಮಾಡಲಿ.