ಪೊರಕೆ ಹಿಡಿದವರ ಉಸಿರು

ಹಿತ್ತಲಲ್ಲೋ ಗ್ಯಾರೇಜಿನಲ್ಲೋ ಬಿಡುವಿನ ವೇಳೆ ಮರಗೆಲಸ ಮಾಡುವ ಗಂಡಸರೆಂದರೆ ನನಗೆ ಗೌರವವೇ. ಕೈಯಾರೆ ಒಂದು ಸ್ಟೂಲು ಮಾಡುವುದು ಸಣ್ಣ ಮಾತಲ್ಲ. ದೂಳಿನ ಮಾತೆತ್ತಿದರೆ ಮಾತ್ರ, "ಮೂಗು ನನ್ನದು, ನಿಮಗೇನು?" ಎಂದುಬಿಡುತ್ತಾರೆ. ಒಂಟಿಯಾಗಿರುವವನ ಬಾಯಲ್ಲಿ ಈ ಮಾತು ಸರಿಯಿದ್ದೀತು. ಸಂಸಾರಸ್ಥನ ಬಾಯಲ್ಲಿ?

ತೋಪಡ ಹೊಡೆದಾಗ ಬೀಳುವ ಸುರುಳಿ ಪಾಪದ್ದು; ಬಿದ್ದಲ್ಲೇ ಇರುತ್ತದೆ, ಒಲೆಗೂ ಆಗುತ್ತದೆ. ಉಪ್ಪುಕಾಗದ ಉಜ್ಜಿದಾಗ, ಅದರಲ್ಲೂ ಮೆಷಿನ್ನಿನಲ್ಲಿ ಉಜ್ಜಿದಾಗ, ಏಳುವ ಹಿಟ್ಟಿನಂಥ ದೂಳೇ ಬೇರೆ. ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಸಣ್ಣ ಕಣಗಳೂ ಅದರಲ್ಲಿರುತ್ತವೆ. ಕಣ್ಣಿಗೆ ಬೀಳದೆ, ಮೆಷಿನ್ನು ನಿಂತ ಮೇಲೂ ತೇಲುತ್ತಿದ್ದು, ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಮರದ ದೂಳು ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸಾರಿತು. ವರ್ಷಗಟ್ಟಲೆ ಮರದ ನಡುವೆ ದುಡಿದವರನ್ನು ಕಂಡು ಹೇಳಿದ್ದು ಅದು. ಭಾನುವಾರದ ಬಡಗಿಗೆ ಅಷ್ಟು ಭಯವಿಲ್ಲ, ನಿಜ. ಆದರೆ ಉಬ್ಬಸವಿರುವ ಮಗುವಿಗೆ ಭಾನುವಾರವೊಂದೇ ಸಾಕು.

ಕೆಲಸ ಮುಗಿಸಿದವನು ಸ್ನಾನಕ್ಕೆ ಹೋಗುತ್ತಾನೆ. ಪೊರಕೆ ಹಿಡಿಯುವವಳು ಹೆಂಡತಿ, ಇಲ್ಲವೇ ಕೆಲಸದಾಕೆ. ಒಣ ಪೊರಕೆ ಆಡಿಸಿದೊಡನೆ ಕೂತ ದೂಳೆಲ್ಲ ಮತ್ತೆ ಏಳುತ್ತದೆ. ಅವನಿಗೆ ಎನ್-95 ಮಾಸ್ಕ್, ಅವಳಿಗೆ ಸೆರಗು. ಸೆರಗು ಆ ಕಣಗಳನ್ನು ತಡೆಯದು.

ದೂಳನ್ನು ಹುಟ್ಟಿದಲ್ಲೇ ಹಿಡಿಯಬೇಕು. ಒಳ್ಳೆಯ ಫಿಲ್ಟರಿರುವ ವ್ಯಾಕ್ಯೂಮಿನ ಕೊಳವೆಯನ್ನು ಮೆಷಿನ್ನಿಗೇ ಜೋಡಿಸಬಹುದು. ಅಷ್ಟು ಹಣವಿಲ್ಲದವರು ಮಾಸ್ಕ್ ಹಾಕಿಕೊಂಡು ಬಯಲಲ್ಲಿ ಉಜ್ಜಲಿ, ಒಳಗೆ ಬಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಲಿ. ಒರೆಸುವವರು ಯಾರು ಎಂಬುದೇ ನನ್ನ ಪ್ರಶ್ನೆ. ನನಗೆ ಪರಿಚಯದ ಒಬ್ಬರು ಯಜಮಾನರಿಗೆ ಒಂದೇ ಷರತ್ತು ಹಾಕಿದರು: "ಆ ಕೋಣೆ ಇನ್ನು ನೀವೇ ಒರೆಸಿ." ತಿಂಗಳೊಳಗೆ ವ್ಯಾಕ್ಯೂಮ್ ಮನೆಗೆ ಬಂತು. ಅದರ ಬೆಲೆ ಎಷ್ಟೆಂದು ಮಾತ್ರ ಈವರೆಗೂ ಬಾಯಿಬಿಟ್ಟಿಲ್ಲವಂತೆ.