ತಪ್ಪು ಯಾರದು? ವಿಮಾನ, ಮದ್ಯ ಮತ್ತು ಪಕ್ಕದ ಸೀಟಿನವರು

 

ರಜೆ ಸೀಸನ್ ಬಂತು. ನಿಮ್ಮಲ್ಲಿ ಕೆಲವರು ಗೋವಾ, ಕೆಲವರು ಫುಕೆಟ್, ಬಾಲಿ ಅಂತ ಟಿಕೆಟ್ ಮಾಡಿಸಿದ್ದೀರಿ. ಕೆಲವರದು ಆಫೀಸ್ ಟೀಮ್ ಜೊತೆ ಟ್ರಿಪ್. ಹೋಗಿ ಬನ್ನಿ, ದೇವರು ಸೃಷ್ಟಿಸಿದ ಸಮುದ್ರವನ್ನ ನೋಡಿ ಸ್ತೋತ್ರ ಮಾಡಿ. ಆದ್ರೆ ಕಳೆದ ಯೂತ್ ಮೀಟಿಂಗಿನಲ್ಲಿ ಒಬ್ಬ ತಮ್ಮ ಒಂದು ಪ್ರಶ್ನೆ ಕೇಳಿದ. "ಬ್ರದರ್, ನಾನು ಕುಡಿಯಲ್ಲ. ಫ್ಲೈಟಲ್ಲಿ ನನ್ನ ಪಾಲಿನ ಡ್ರಿಂಕ್ ಫ್ರೆಂಡಿಗೆ ಕೊಟ್ಟುಬಿಡ್ತೀನಿ. ಅವನು ಕುಡಿದು ಏನಾದ್ರೂ ಮಾಡಿದ್ರೆ ಅದು ನನ್ನ ತಪ್ಪಾ, ಅವನ ತಪ್ಪಾ?"

ಒಳ್ಳೆ ಪ್ರಶ್ನೆ. ಇವತ್ತು ಇದನ್ನೇ ವಾಕ್ಯದ ಬೆಳಕಿನಲ್ಲಿ ಯೋಚಿಸೋಣ. ತಪ್ಪು ಯಾರದು? ಕುಡಿದವನದಾ, ಕೊಟ್ಟವನದಾ, ಮಾರಿದವನದಾ, ನೋಡಿಕೊಂಡು ಸುಮ್ಮನೆ ಕೂತವನದಾ?

ಮೊದಲು ಲೋಕದಲ್ಲಿ ಏನು ನಡೀತಿದೆ ನೋಡಿ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ಒಂದು ಲೆಕ್ಕ ಇಟ್ಟಿದೆ. 2021ರಲ್ಲಿ ಪ್ರತಿ 835 ಫ್ಲೈಟಿಗೆ ಒಂದು ಗಲಾಟೆ ಪ್ರಕರಣ ವರದಿಯಾಗಿತ್ತು. 2022ರಲ್ಲಿ ಅದು ಪ್ರತಿ 568 ಫ್ಲೈಟಿಗೆ ಒಂದು ಆಯ್ತು. ಸಿಬ್ಬಂದಿ ಹೇಳಿದ್ದು ಕೇಳದಿರೋದು, ಬಾಯಿಗೆ ಬಂದಂತೆ ಬೈಯೋದು, ಕುಡಿದ ಅಮಲು, ಇವೇ ಮುಖ್ಯ.

ಬ್ರಿಟನ್‌ನಿಂದ ಬೇಸಿಗೆ ರಜೆಗೆ ಸ್ಪೇನಿನ ಇಬಿಜಾ ದ್ವೀಪಕ್ಕೆ ಹೋಗುವ ಫ್ಲೈಟುಗಳು ಇದಕ್ಕೆ ಹೆಸರುವಾಸಿ. ಬ್ರಿಟನ್ ಕಾನೂನಿನಲ್ಲಿ ಕುಡಿದು ಅಮಲೇರಿ ವಿಮಾನ ಹತ್ತೋದೇ ಅಪರಾಧ, 2 ವರ್ಷದವರೆಗೆ ಜೈಲು. ಆದ್ರೆ ಇಂಗ್ಲೆಂಡಿನ ಏರ್‌ಪೋರ್ಟ್‌ಗಳಲ್ಲಿ ಸೆಕ್ಯುರಿಟಿ ಚೆಕ್ ದಾಟಿದ ಮೇಲೆ ಇರುವ ಬಾರುಗಳಿಗೆ ಊರಿನ ಬಾರುಗಳ ಲೈಸೆನ್ಸ್ ಕಾನೂನು ಅನ್ವಯಿಸಲ್ಲ. ಬೆಳಗಿನ ಜಾವದ ಫ್ಲೈಟಿಗೆ ಬಂದವರು ಬೆಳಗಿನ ಜಾವದಿಂದಲೇ ಕುಡೀಬಹುದು. 2024ರಲ್ಲಿ ರಯಾನ್‌ಏರ್ ಕಂಪನಿಯ ಮುಖ್ಯಸ್ಥರು, ಏರ್‌ಪೋರ್ಟ್ ಬಾರಿನಲ್ಲಿ ಒಬ್ಬರಿಗೆ ಎರಡೇ ಡ್ರಿಂಕ್ ಕೊಡಬೇಕು ಅಂತ ಒತ್ತಾಯ ಮಾಡಿದರು. ಆದ್ರೆ ಅದೇ ಕಂಪನಿ ತನ್ನ ವಿಮಾನದೊಳಗೂ ಮದ್ಯ ಮಾರುತ್ತೆ. ಹೀಗೆ ಬಾರಿನ ಕಡೆ ಒಬ್ಬರು ಬೆರಳು ತೋರಿಸಿದರೆ, ವಿಮಾನದ ಕಡೆ ಇನ್ನೊಬ್ಬರು ತೋರಿಸಬಹುದು. ಇಬ್ಬರೂ ಸೇರಿ ಪ್ರಯಾಣಿಕನ ಕಡೆ ತೋರಿಸಬಹುದು. ಪ್ರಯಾಣಿಕ ಬಾಟಲಿನ ಕಡೆ ತೋರಿಸ್ತಾನೆ.

ಈ ಬೆರಳು ತೋರಿಸೋ ಆಟ ಹೊಸದಲ್ಲ. ಆದಿಕಾಂಡ 3ನೇ ಅಧ್ಯಾಯ. ಆದಾಮನನ್ನ ಕೇಳಿದರೆ ಹವ್ವಳನ್ನ ತೋರಿಸಿದ, ಜೊತೆಗೆ ಅವಳನ್ನ ಕೊಟ್ಟ ದೇವರನ್ನೂ ಎಳೆದ. ಹವ್ವ ಸರ್ಪವನ್ನ ತೋರಿಸಿದಳು. ದೇವರು ಏನು ಮಾಡಿದರು? ಮೂವರಿಗೂ ಬೇರೆ ಬೇರೆಯಾಗಿ ತೀರ್ಪು ಕೊಟ್ಟರು. ಒಬ್ಬರ ತಪ್ಪು ಇನ್ನೊಬ್ಬರ ತಪ್ಪನ್ನ ಕಡಿಮೆ ಮಾಡಲಿಲ್ಲ. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ.

ಮೊದಲನೇದು, ಕುಡಿದವನು. "ಕುಡಿದಿದ್ದೆ, ಏನು ಮಾಡಿದೆ ಅಂತ ನನಗೇ ಗೊತ್ತಿಲ್ಲ" ಅಂತಾರಲ್ಲ, ಇದು ನೆಪ ಆಗುತ್ತಾ? ನಮ್ಮ ದೇಶದ ಕಾನೂನು ಇಲ್ಲ ಅನ್ನುತ್ತೆ. ಹಳೇ ದಂಡ ಸಂಹಿತೆಯ 85, 86ನೇ ಸೆಕ್ಷನ್ನು, 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 23, 24ನೇ ಸೆಕ್ಷನ್ನು ಹೇಳೋದು ಇಷ್ಟೇ: ನಿನಗೆ ಗೊತ್ತಿಲ್ಲದೆ ಅಥವಾ ಬಲವಂತವಾಗಿ ಯಾರಾದರೂ ಕುಡಿಸಿದ್ದರೆ ಮಾತು ಬೇರೆ. ನೀನಾಗಿ ಕುಡಿದಿದ್ದರೆ ಅಮಲು ನಿನ್ನನ್ನ ಕಾಪಾಡಲ್ಲ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕೂಡ ಇದನ್ನ ಚರ್ಚಿಸಿದ್ದಾನೆ. ಕುಡಿದು ತಪ್ಪು ಮಾಡಿದವರಿಗೆ ಎರಡರಷ್ಟು ಶಿಕ್ಷೆ ಕೊಡುವ ಕಾನೂನು ಆ ಕಾಲದಲ್ಲಿತ್ತು. ಯಾಕೆ? ಕುಡಿಯದೇ ಇರೋದು ಅವನ ಕೈಯಲ್ಲೇ ಇತ್ತು. ಆ ಅಜ್ಞಾನವನ್ನ ಅವನೇ ತಂದುಕೊಂಡ.

ಜ್ಞಾನೋಕ್ತಿ 23ನೇ ಅಧ್ಯಾಯದ ಕೊನೆ ಭಾಗ ಮನೆಗೆ ಹೋಗಿ ಓದಿ. ಅಲ್ಲಿ ಕುಡಿದವನನ್ನ ಎಲ್ಲಿ ಮಲಗಿಸಿದ್ದಾರೆ ಗೊತ್ತಾ? ಸಮುದ್ರದ ಮಧ್ಯೆ, ಹಡಗಿನ ಸ್ತಂಭದ ತುದಿಯಲ್ಲಿ. ಮೂರು ಸಾವಿರ ವರ್ಷದ ಹಿಂದೆ ಮನುಷ್ಯ ಹತ್ತಬಹುದಾಗಿದ್ದ ಅತಿ ಅಪಾಯದ ಎತ್ತರ ಅದು. ಇವತ್ತು 35,000 ಅಡಿ. ಅಷ್ಟು ಎತ್ತರದಲ್ಲಿ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಬೆಟ್ಟದ ಮೇಲೆ ಇರೋ ಹಾಗಿರುತ್ತೆ. ಜರ್ಮನಿಯ ಕಲೋನ್‌ನಲ್ಲಿ ಮಾಡಿ 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅಂಥ ಒತ್ತಡದಲ್ಲಿ ಕುಡಿದು ಮಲಗಿದವರ ರಕ್ತದಲ್ಲಿ ಆಮ್ಲಜನಕ ಇಳಿದದ್ದು, ಹೃದಯ ಬಡಿತ ಏರಿದ್ದು ಕಂಡುಬಂತು.

ಎರಡನೇದು, ಕೊಟ್ಟವನು. ಹಬಕ್ಕೂಕ 2:15 ನೋಡಿ. ಅಲ್ಲಿ ಅಯ್ಯೋ ಅಂದದ್ದು ಕುಡಿದವನಿಗಲ್ಲ, ನೆರೆಯವನ ಮಾನ ತೆಗೆಯೋದಕ್ಕೆ ಅವನಿಗೆ ಕುಡಿಸಿದವನಿಗೆ. ಇನ್ನೊಂದು ವಾಕ್ಯ ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತಗೋಡೆ ಕಟ್ಟಬೇಕು, ಇಲ್ಲದಿದ್ದರೆ ಬಿದ್ದು ಸತ್ತವನ ರಕ್ತ ಆ ಮನೆಯ ಮೇಲಿರುತ್ತೆ ಅನ್ನೋ ಅರ್ಥ. ಬಿದ್ದವನು ನೋಡಿಕೊಂಡು ನಡೀಬೇಕಿತ್ತು, ನಿಜ. ಆದ್ರೂ ದೇವರು ಮನೆ ಯಜಮಾನನನ್ನ ಕೇಳ್ತಾರೆ: ಗೋಡೆ ಎಲ್ಲಿ?

ಮದ್ಯದ ನಿಯಮಗಳು ಅಂದ್ರೆ ಈ ಸುತ್ತಗೋಡೆಗಳು. ಭಾರತದೊಳಗಿನ ಫ್ಲೈಟುಗಳಲ್ಲಿ ಮದ್ಯ ಕೊಡೋದೇ ಇಲ್ಲ. ಅಮೆರಿಕದಲ್ಲಿ ವಿಮಾನದೊಳಗೆ ನೀನು ತಂದ ಬಾಟಲ್ ತೆಗೆದು ಕುಡಿಯೋ ಹಾಗಿಲ್ಲ, ಸಿಬ್ಬಂದಿ ಕೊಟ್ಟರೆ ಮಾತ್ರ. ಅಮಲೇರಿದವನಿಗೆ ಸಿಬ್ಬಂದಿಯೂ ಕೊಡೋ ಹಾಗಿಲ್ಲ. ನಮ್ಮ ಡಿಜಿಸಿಎ 2017ರಲ್ಲಿ ಮೂರು ಹಂತದ ನಿಯಮ ತಂದಿತು. ಬಾಯಿಮಾತಿನ ಕಿರುಕುಳಕ್ಕೆ 3 ತಿಂಗಳವರೆಗೆ, ಮೈಮುಟ್ಟಿ ಕಿರುಕುಳ ಕೊಟ್ಟರೆ 6 ತಿಂಗಳವರೆಗೆ, ಪ್ರಾಣಕ್ಕೆ ಅಪಾಯ ತಂದರೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ವಿಮಾನ ಹತ್ತೋ ಹಾಗಿಲ್ಲ.

"ಬ್ರದರ್, ನಿಯಮದಿಂದ ಹೃದಯ ಬದಲಾಗುತ್ತಾ?" ಅಂತ ನೀವು ಕೇಳಬಹುದು. ಇಲ್ಲ, ಬದಲಾಗಲ್ಲ. ಫ್ಲೈಟಲ್ಲಿ ಕೊಡದಿದ್ದರೆ ಮನೆಯಲ್ಲೇ ಕುಡಿದು ಬರ್ತಾರೆ. ಹೃದಯ ಬದಲಾಯಿಸೋದು ಪವಿತ್ರಾತ್ಮನ ಕೆಲಸ. ಆದ್ರೆ ಹೃದಯ ಬದಲಾಗೋವರೆಗೆ ಪಕ್ಕದ ಸೀಟಿನ ತಾಯಿ ಕಾಯಬೇಕಾ? ಬಿಎಂಟಿಸಿ ಬಸ್ಸಲ್ಲಿ ಕುಡುಕ ಹತ್ತಿದರೆ ಕಂಡಕ್ಟರ್ ಮುಂದಿನ ಸ್ಟಾಪಲ್ಲಿ ಇಳಿಸ್ತಾನೆ. ವಿಮಾನಕ್ಕೆ ಮುಂದಿನ ಸ್ಟಾಪ್ ಇಲ್ಲ. 2024ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಿಂದ ಲಾನ್ಸರೋಟೆಗೆ ಹೊರಟ ಫ್ಲೈಟನ್ನ ಒಬ್ಬನ ದುರ್ವರ್ತನೆಯಿಂದ ಪೋರ್ಚುಗಲ್‌ನ ಪೋರ್ಟೊದಲ್ಲಿ ಇಳಿಸಬೇಕಾಯ್ತು. 160ಕ್ಕೂ ಹೆಚ್ಚು ಜನ ರಾತ್ರಿ ಅಲ್ಲೇ ಕಳೆದರು. ಕಂಪನಿ ಆ ಒಬ್ಬನಿಂದ 15,000 ಯೂರೋ ಕೇಳಿ ಕೋರ್ಟಿಗೆ ಹೋಯ್ತು. ಸುತ್ತಗೋಡೆ ಇರೋದು ಬೀಳುವವನನ್ನ ಪರಿಶುದ್ಧ ಮಾಡೋದಕ್ಕಲ್ಲ. ಜೀವ ಉಳಿಸೋದಕ್ಕೆ. ಅದೂ ಪ್ರೀತಿಯೇ.

ಮೂರನೇದು, ಪಕ್ಕದಲ್ಲಿದ್ದವರು. ಇಲ್ಲಿ ಸ್ವಲ್ಪ ಗಮನ ಕೊಡಿ, ಯಾಕಂದ್ರೆ ಇದು ನಮ್ಮ ಮನೆಗಳಿಗೆ, ನಮ್ಮ ಸಭೆಗಳಿಗೆ ಬಂದು ಮುಟ್ಟುತ್ತೆ.

2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ಫ್ಲೈಟಲ್ಲಿ, ಕುಡಿದಿದ್ದ ಒಬ್ಬ ವ್ಯಕ್ತಿ 70 ದಾಟಿದ ಒಬ್ಬ ತಾಯಿಯ ಮೇಲೆ ಮೂತ್ರ ಮಾಡಿದ ಅನ್ನೋ ದೂರು ಬಂತು. ಆರೋಪಿಯನ್ನ ಪೊಲೀಸರು ಹಿಡಿದದ್ದು ನಮ್ಮ ಬೆಂಗಳೂರಿನಲ್ಲೇ. ಅವನು ಆರೋಪ ಒಪ್ಪಿಲ್ಲ, ಅದನ್ನ ನ್ಯಾಯಾಲಯ ನೋಡಿಕೊಳ್ಳುತ್ತೆ. ನಾನು ಹೇಳಬೇಕಾಗಿರೋದು ಬೇರೆ. ಆ ತಾಯಿ ದೂರಿನಲ್ಲಿ ಬರೆದದ್ದು ಏನಂದ್ರೆ, ಅವನ ಮುಖ ನೋಡೋದಕ್ಕೆ ನನಗೆ ಇಷ್ಟವಿಲ್ಲ ಅಂತ ಹೇಳಿದರೂ, ಸಿಬ್ಬಂದಿ ಅವನನ್ನ ಅವರ ಮುಂದೆ ತಂದು ಕೂರಿಸಿ ಕ್ಷಮೆ ಕೇಳಿಸಿದರು. ಡಿಜಿಸಿಎ ಗಮನಕ್ಕೆ ವಿಷಯ ಬಂದದ್ದು 2023ರ ಜನವರಿ 4ಕ್ಕೆ. ಆಮೇಲೆ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿದರು, ಪೈಲಟ್‌ನ ಲೈಸೆನ್ಸ್ 3 ತಿಂಗಳು ಅಮಾನತು ಮಾಡಿದರು. ನೋಡಿ, ಕುಡಿದವನು ಪೈಲಟ್ ಅಲ್ಲ. ಆದ್ರೂ ಅವರನ್ನ ಕೇಳಿದರು. ಯಾಕೆ? ಆ ವಿಮಾನದಲ್ಲಿ ಆ ತಾಯಿ ಅವರ ಜವಾಬ್ದಾರಿಯಲ್ಲಿದ್ದರು.

ಪ್ರಿಯರೇ, ನಮ್ಮ ಸಭೆಗಳಲ್ಲಿ ಇದು ನಡೆಯಲ್ವಾ? ಗಂಡ ಕುಡಿದು ಬಂದು ಹೆಂಡತಿಗೆ ಹೊಡೆದಿದ್ದಾನೆ. ಬೆಳಿಗ್ಗೆ ಅಮಲು ಇಳಿದ ಮೇಲೆ ಅಳ್ತಾನೆ. ಹಿರಿಯರು ಇಬ್ಬರನ್ನೂ ಎದುರೆದುರು ಕೂರಿಸಿ, "ಸಿಸ್ಟರ್, ಕರ್ತರು ನಮ್ಮನ್ನ ಕ್ಷಮಿಸಲಿಲ್ವಾ? ನೀವೂ ಕ್ಷಮಿಸಿಬಿಡಿ" ಅಂತಾರೆ. ಹತ್ತು ನಿಮಿಷದಲ್ಲಿ ಪ್ರಾರ್ಥನೆ ಮುಗಿಯುತ್ತೆ. ಆ ಅಕ್ಕ ಅವನ ಜೊತೆ ಅದೇ ಮನೆಗೆ ಹೋಗಬೇಕು. ಆ ಮನೆಗೂ ಮುಂದಿನ ಸ್ಟಾಪ್ ಇಲ್ಲ!

ಕ್ಷಮೆ ಕರ್ತನ ಆಜ್ಞೆ, ಅದನ್ನ ನಾನು ಸಡಿಲ ಮಾಡ್ತಿಲ್ಲ. ಆದ್ರೆ ಗಾಯವಾದವರ ಕೈಯಿಂದ ಕ್ಷಮೆಯನ್ನ ಕಿತ್ತುಕೊಳ್ಳೋ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಜಕ್ಕಾಯನ ಮನೆಗೆ ಯೇಸು ಹೋದಾಗ, ಮೋಸ ಹೋದವರನ್ನ ಕರೆಸಿ "ಇವನನ್ನ ಕ್ಷಮಿಸಿ" ಅನ್ನಲಿಲ್ಲ. ಜಕ್ಕಾಯನೇ ಎದ್ದು ನಿಂತು ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಅದು ಮಾನಸಾಂತರ. ಮೊದಲು ಗಾಯವಾದವರಿಗೆ ಸುರಕ್ಷಿತ ಜಾಗ, ಆಮೇಲೆ ತಪ್ಪು ಮಾಡಿದವನ ಲೆಕ್ಕ. ಕ್ಷಮೆ ಅದರ ಸಮಯಕ್ಕೆ ದೇವರ ಕೃಪೆಯಿಂದ ಬರುತ್ತೆ.

ಹಾಗಾದ್ರೆ ನಾವು ಯಾಕೆ ಕುಡಿಯಲ್ಲ? "ಪಾಸ್ಟರ್ ಬೈತಾರೆ" ಅನ್ನೋ ಕಾರಣಕ್ಕೆ ಆದ್ರೆ, ಪಾಸ್ಟರ್ ಇಲ್ಲದ ಫುಕೆಟ್‌ನಲ್ಲಿ ಆ ಕಾರಣ ಮುಗಿದುಹೋಗುತ್ತೆ. ವಾಕ್ಯದಲ್ಲಿ ಇದಕ್ಕಿಂತ ಗಟ್ಟಿ ಕಾರಣ ಇದೆ. ಯಾಜಕಕಾಂಡ 10:9ರಲ್ಲಿ ದೇವದರ್ಶನದ ಗುಡಾರಕ್ಕೆ ಬರುವಾಗ ಯಾಜಕರು ಮದ್ಯ ಮುಟ್ಟಬಾರದು ಅನ್ನೋ ಕಟ್ಟಳೆ ಇದೆ. ನಮ್ಮ ದೇಶದ ಪೈಲಟ್‌ಗಳಿಗೂ ಹಾಗೇ, ಹಾರಾಟಕ್ಕೆ 12 ಗಂಟೆ ಮೊದಲಿಂದ ಮುಟ್ಟೋ ಹಾಗಿಲ್ಲ. ಯಾಕಂದ್ರೆ ಅವರು ಡ್ಯೂಟಿಯಲ್ಲಿದ್ದಾರೆ, ಅವರ ಕೈಯಲ್ಲಿ ಬೇರೆಯವರ ಪ್ರಾಣ ಇದೆ. ಈಗ 1 ಪೇತ್ರ 2:9 ಏನು ಹೇಳುತ್ತೆ? ವಿಶ್ವಾಸಿಗಳೆಲ್ಲರೂ ಯಾಜಕರು. ಅಂದ್ರೆ ನಮಗೆ ಡ್ಯೂಟಿ ಮುಗಿಯೋ ಟೈಮ್ ಇಲ್ಲ.

ಎಮರ್ಜೆನ್ಸಿ ಎಕ್ಸಿಟ್ ಪಕ್ಕದ ಸೀಟಲ್ಲಿ ಕೂತಿದ್ದೀರಾ? ಸಿಬ್ಬಂದಿ ಬಂದು, ಅಗತ್ಯ ಬಿದ್ದರೆ ಬಾಗಿಲು ತೆಗೆದು ಸಹಾಯ ಮಾಡ್ತೀರಾ ಅಂತ ಕೇಳ್ತಾರೆ. ದೊಡ್ಡ ವಿಮಾನಗಳಿಗೆ ಅನುಮತಿ ಕೊಡೋ ಮೊದಲು, ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಲ್ಲಿ ಎಲ್ಲರೂ ಹೊರಗೆ ಬರಬಹುದು ಅಂತ ತೋರಿಸಬೇಕು. ಆ 90 ಸೆಕೆಂಡಿಗೆ ಎಚ್ಚರವಿರೋ ಮನುಷ್ಯ ಬೇಕು. ವಿಶ್ವಾಸಿ ಲೋಕದಲ್ಲಿ ಕೂತಿರೋದು ಆ ಸೀಟಲ್ಲಿ.

ಅಪೊಸ್ತಲರ ಕೃತ್ಯಗಳು 27ರಲ್ಲಿ ಪೌಲ ಒಬ್ಬ ಕೈದಿ. ಹಡಗು ಅವನದಲ್ಲ, ನಿರ್ಧಾರ ಅವನದಲ್ಲ, ಅವನ ಎಚ್ಚರಿಕೆಯನ್ನ ಯಾರೂ ಕೇಳಲಿಲ್ಲ. "ನಾನು ಅವತ್ತೇ ಹೇಳಿದ್ದೆ, ಅನುಭವಿಸಿ" ಅಂತ ಮೂಲೆಯಲ್ಲಿ ಕೂರಬಹುದಿತ್ತು. ಆದ್ರೆ ಅವನು 276 ಜನರ ಮಧ್ಯೆ ನಿಂತು ಧೈರ್ಯ ಹೇಳಿದ, ಎಲ್ಲರಿಗೂ ಊಟ ಮಾಡಿಸಿದ. ನಾವಿಕರು ಕದ್ದು ಓಡಿಹೋಗೋಕೆ ನೋಡಿದಾಗ ಅದನ್ನ ತಡೆದ. ಇವತ್ತು ಕುಡಿಯದ ಎಷ್ಟೋ ವಿಶ್ವಾಸಿಗಳು "ನಾನು ಶುದ್ಧ" ಅಂತ ಇಯರ್‌ಫೋನ್ ಹಾಕ್ಕೊಂಡು ಕೂರ್ತಾರೆ. ಇನ್ನು ಕೆಲವರು ಒಂದು ತೊಟ್ಟು ಕುಡಿಯದೇ ಏರ್ ಹೋಸ್ಟೆಸ್ ಮೇಲೆ ಕೂಗಾಡ್ತಾರೆ. ಗಲಾತ್ಯ 5ರಲ್ಲಿ ಆತ್ಮನ ಫಲದ ಪಟ್ಟಿಯಲ್ಲಿ ಶಮೆದಮೆ ಇದೆ, ಅದರ ಜೊತೆ ದಯೆಯೂ ಇದೆ. ಒಂದನ್ನ ಇಟ್ಟುಕೊಂಡು ಇನ್ನೊಂದನ್ನ ಬಿಡೋ ಹಾಗಿಲ್ಲ.

ಈಗ ಆ ತಮ್ಮನ ಪ್ರಶ್ನೆಗೆ ಬರ್ತೀನಿ. ನಿನ್ನ ಫ್ರೆಂಡ್ ಮಾಡಿದ್ದಕ್ಕೆ ಅವನೇ ಉತ್ತರ ಕೊಡಬೇಕು, ಪೂರ್ತಿಯಾಗಿ. ನೀನು ದಾಟಿಸಿದ ಗ್ಲಾಸಿಗೆ ನೀನು ಉತ್ತರ ಕೊಡಬೇಕು, ಅದೂ ಪೂರ್ತಿಯಾಗಿ. ತಪ್ಪನ್ನ ಕೇಕ್ ಥರ ಕತ್ತರಿಸಿ ಹಂಚಿಕೊಂಡು ನಮ್ಮ ಪಾಲು ಚಿಕ್ಕದು ಮಾಡಿಕೊಳ್ಳೋಕೆ ಆಗಲ್ಲ. ಹಾಗಾಗಿ ನಿನ್ನ ಪಾಲಿನ ಡ್ರಿಂಕ್ ಬೇಡ ಅಂತ ಹೇಳಿ ನೀರು ತಗೋ. ಫ್ರೆಂಡಿಗೂ ಒಂದು ಬಾಟಲ್ ನೀರು ಕೊಡಿಸು. ಯಾರಿಗಾದರೂ ತೊಂದರೆ ಆಗ್ತಿದ್ದರೆ ಸಿಬ್ಬಂದಿಯನ್ನ ಕರಿ, ನಿನ್ನ ಸೀಟು ಬಿಟ್ಟುಕೊಡು. ಇಳಿದ ಮೇಲೆ ಸಾಕ್ಷಿ ಬೇಕಾದರೆ ಹೆಸರು ಕೊಡು.

ಇಲ್ಲಿ ಕೂತವರಲ್ಲಿ ಯಾರಾದರೂ ಗುಟ್ಟಾಗಿ ಕುಡಿತದ ಜೊತೆ ಹೋರಾಡ್ತಿದ್ದರೆ, ನಿಮ್ಮನ್ನ ಬೈಯೋದಕ್ಕೆ ಈ ಸಂದೇಶ ಕೊಟ್ಟಿಲ್ಲ. ಆರಾಧನೆ ಮುಗಿದ ಮೇಲೆ ಬನ್ನಿ, ಒಟ್ಟಿಗೆ ಪ್ರಾರ್ಥಿಸೋಣ. ನಿಮ್ಹಾನ್ಸ್‌ನಲ್ಲಿ ವ್ಯಸನ ಬಿಡಿಸುವ ವಿಭಾಗ ಇದೆ, ಅಲ್ಲಿಗೂ ಹೋಗಿ. ಡಾಕ್ಟರ ಹತ್ತಿರ ಹೋಗೋದು ಅವಿಶ್ವಾಸ ಅಲ್ಲ. ಕುಡುಕರ ಮನೆಯಲ್ಲಿ ನೊಂದವರು ಇದ್ದರೆ, ನೀವೂ ಬನ್ನಿ. ನಿಮಗೆ ಯಾರೂ ಇಲ್ಲಿ "ಕ್ಷಮಿಸಿಬಿಡಿ" ಅಂತ ಅವಸರ ಮಾಡಲ್ಲ. ಮೊದಲು ನಿಮ್ಮ ಮಾತು ಕೇಳ್ತೀವಿ.

ತಲೆ ಬಾಗಿಸಿ. ಕರ್ತನೇ, ನಮ್ಮನ್ನ ಎಚ್ಚರವಾಗಿಡು. ನಮ್ಮ ಪಕ್ಕದಲ್ಲಿ ಕೂತವರ ಕ್ಷೇಮಕ್ಕೆ ನಮ್ಮನ್ನ ಕಾವಲಿಡು. ಬಿದ್ದವರನ್ನ ಎತ್ತು, ನೊಂದವರನ್ನ ನಿನ್ನ ರೆಕ್ಕೆಗಳ ಕೆಳಗೆ ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.